ಕ್ಯಾಮೆರಾ ಫೈನಲ್ಲಿ ಪೊಲೀಸರಿಗೆ ಕಮಿಷನ್ ಎಷ್ಟು?

ಪ್ರಶ್ನೆ: ಸಾರ್, ಬೆಂಗಳೂರಲ್ಲಿ ಸಿಗ್ನಲ್‌ಗೆಲ್ಲ ಕ್ಯಾಮೆರಾ ಹಾಕಿರೋದು ದುಡ್ಡು ಮಾಡಕ್ಕೆ ತಾನೆ? ಒಂದೊಂದು ಕೇಸಿಗೂ ಪೊಲೀಸ್ನೋರಿಗೆ ಪರ್ಸೆಂಟೇಜ್ ಇದೆಯಂತೆ?

ಇಲ್ಲ ಕಣ್ರೀ. ಹೇಳಿ ಹೇಳಿ ಬಾಯಿ ನೋವು ಬಂತು. ನೀವು ಆನ್‌ಲೈನಲ್ಲಿ ಕಟ್ಟಿ, ಬೆಂಗಳೂರು ಒನ್ ಸೇವಾ ಕೇಂದ್ರದಲ್ಲಿ ಕಟ್ಟಿ, ರೋಡಲ್ಲಿ ನಿಲ್ಸಿದಾಗ ರಸೀದಿ ತಗೊಂಡು ಕಟ್ಟಿ, ಹೋಗೋದು ಸರ್ಕಾರದ ಖಜಾನೆಗೆ. ಎಎಸ್‌ಐ ಸಂಬಳ ಅದರಿಂದ ಒಂದ್ರೂಪಾಯಿನೂ ಜಾಸ್ತಿ ಆಗಲ್ಲ. ಜಾಸ್ತಿ ಕೇಸ್ ಹಾಕಿ ಅಂತ ಮೇಲಿಂದ ಒತ್ತಡ ಇರಬಹುದು, ನಾನು ಇಲ್ಲ ಅನ್ನಲ್ಲ, ಆದ್ರೆ ಒತ್ತಡಕ್ಕೂ ಕಮಿಷನ್‌ಗೂ ಅಜಗಜಾಂತರ. ಜೇಬಿಗೆ ಹೋಗೋ ದುಡ್ಡು ಯಾವುದು ಅಂದ್ರೆ, ರಸೀದಿ ಬೇಡ ಸಾರ್ ಅರ್ಧಕ್ಕೆ ಮುಗ್ಸಿ ಅಂತ ನೀವೇ ಹಲ್ಲು ಗಿಂಜ್ಕೊಂಡು ಕೊಡ್ತೀರಲ್ಲ, ಅದು. ಕಂಬದ ಮೇಲಿರೋ ಕ್ಯಾಮೆರಾ ಹತ್ರ ಹೋಗಿ ಚೌಕಾಸಿ ಮಾಡಿ ನೋಡೋಣ!

ಇಲ್ಲಿ ಐಟಿಎಂಎಸ್, ಅಂದ್ರೆ ಕ್ಯಾಮೆರಾನೇ ತಪ್ಪು ಹಿಡಿದು ಕೇಸ್ ಹಾಕೋ ವ್ಯವಸ್ಥೆ, ಶುರುವಾಗಿದ್ದು 2022ರ ಡಿಸೆಂಬರ್‌ನಲ್ಲಿ, 50 ಜಂಕ್ಷನ್, ನಂಬರ್ ಪ್ಲೇಟ್ ಓದೋ ಕ್ಯಾಮೆರಾ 250, ಸಿಗ್ನಲ್ ಜಂಪ್ ಹಿಡಿಯೋವು 80. ಎರಡೇ ತಿಂಗಳಿಗೆ, 2023ರ ಫೆಬ್ರವರಿಯಲ್ಲಿ, ಬಾಕಿ ಫೈನಿಗೆ 50% ರಿಯಾಯಿತಿ ಕೊಟ್ರು, ಜನ ಮುಗಿಬಿದ್ದು 100 ಕೋಟಿಗೂ ಮೇಲೆ ಕಟ್ಟಿದ್ರು. ನೋಡಿದ್ರಾ ಎಷ್ಟು ದುಡ್ಡು ಅಂತ ಇದನ್ನೇ ತೋರಿಸ್ತೀರ. ಸ್ವಾಮಿ, ಅದು ವರ್ಷಗಟ್ಲೆ ಕೊಳೀತಾ ಇದ್ದ ಬಾಕಿ, ಅಲ್ಲಿವರ್ಗೂ ನೀವು ಕಟ್ಟಿರ್ಲಿಲ್ಲ, ಅವರೂ ವಸೂಲಿ ಮಾಡಿರ್ಲಿಲ್ಲ. ತಲೆಗಿಷ್ಟು ಕಮಿಷನ್ ತಿನ್ನೋರು ಹಂಗೆ ಸುಮ್ನೆ ಬಿಟ್ಟು, ಆಮೇಲೆ ಅರ್ಧ ಮನ್ನಾ ಬೇರೆ ಮಾಡ್ತಾರಾ?

ನನ್ನ ತಕರಾರೇ ಉಲ್ಟಾ. 2025ರಲ್ಲೂ ರಿಯಾಯಿತಿ ಬಂತು, ಈಗ ಫೈನ್ ಬಿದ್ರೆ ಜನ ಆಷಾಢ ಸೇಲ್‌ಗೆ ಕಾಯೋ ಥರ ಮುಂದಿನ ಆಫರ್‌ಗೆ ಕಾಯ್ತಾರೆ. ಭಯ ಎಲ್ಲಿಂದ ಬರುತ್ತೆ?

ಬೈಯಲೇಬೇಕು ಅಂದ್ರೆ ಸರಿಯಾದ್ದಕ್ಕೆ ಬೈರಿ. ಕೇಂದ್ರದ ಮೋಟಾರು ವಾಹನ ನಿಯಮಕ್ಕೆ 2021ರಲ್ಲಿ 167ಎ ಅಂತ ಸೇರಿಸಿದ್ರು, ಕ್ಯಾಮೆರಾ ಇದೆ ಅಂತ ಬೋರ್ಡ್ ಹಾಕ್ಬೇಕು, 15 ದಿನದೊಳಗೆ ನೋಟಿಸ್ ಕಳಿಸ್ಬೇಕು ಅಂತ ಅದರಲ್ಲೇ ಇದೆ. ನಿಮಗೆ ಟೈಮಿಗೆ ಬಂತಾ, ಕೇಳಿ. ಮತ್ತೆ ಕಟ್ಟೋ ಮುಂಚೆ ಕೇಸಿನ ಜೊತೆ ಇರೋ ಕ್ಯಾಮೆರಾ ಫೋಟೋ ಓಪನ್ ಮಾಡಿ ನೋಡಿ, ಕಪ್ಪು ಶರ್ಟ್ ಮೇಲೆ ಕಪ್ಪು ಸೀಟ್ ಬೆಲ್ಟ್ ಹಾಕಿದ್ರೆ ಕ್ಯಾಮೆರಾಗೆ ಕಾಣದೇನೂ ಇರಬಹುದು, ಅಂಥದ್ದಿದ್ರೆ ಕಂಪ್ಲೇಂಟ್ ಕೊಡಿ.

ಅಂದಹಾಗೆ ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೀನಿ. ಹಳೇ ಸ್ಕೂಟರ್ ಮಾರಿ, ಕೀ ಕೊಟ್ಟು ದುಡ್ಡೆಣಿಸ್ಕೊಂಡು ಬಂದ್ರೆ ಮುಗೀಲಿಲ್ಲ. ರಾಜ್ಯದೊಳಗೇ ಮಾರಿದ್ರೆ 14 ದಿನದೊಳಗೆ ಆರ್‌ಟಿಒಗೆ ಗಾಡಿ ಮಾರಿದೀನಿ ಅಂತ ತಿಳಿಸೋ ಫಾರಂ 29 ಕೊಡ್ಬೇಕು, ತಗೊಂಡೋನು ತನ್ನ ಹೆಸರಿಗೆ ಮಾಡಿಸ್ಕೋಬೇಕು. ಆರ್‌ಸಿಯಲ್ಲಿ ನಿಮ್ಮ ಹೆಸರಿರೋವರ್ಗೂ ಅವನು ತ್ರಿಬಲ್ಸ್ ಹೋದ್ರೂ ಮೆಸೇಜ್ ಬರೋದು ನಿಮಗೇ. ಕಮಿಷನ್ ಲೆಕ್ಕ ಆಮೇಲೆ ಹಾಕೋಣ, ಮೊದ್ಲು ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಲ್ಲಿ ಆ ಗಾಡಿ ಇನ್ನೂ ಯಾರ ಹೆಸರಲ್ಲಿದೆ ನೋಡಿ.