ಮೆಣಸಿನ ಚೀಲಕ್ಕೆ ಕ್ಯೂಆರ್ ಕೋಡ್ ಅಂಟಿಸಿದ್ರೆ ಸಾಕಾ?

ಹೋದ್ವರ್ಷ ಫೆಬ್ರವರಿಲಿ ನಮ್ಮಣ್ಣನ ಮಗ ಮೂರು ಜನ ಕ್ಲಾಸ್‌ಮೇಟ್ಸ್ ಕಟ್ಕೊಂಡು ತೀರ್ಥಹಳ್ಳಿ ಹತ್ರ ಇರೋ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಫೈನಲ್ ಇಯರ್. ಪ್ರಾಜೆಕ್ಟ್ ಎಂತ ಅಂದ್ರೆ ಕಾಳುಮೆಣಸು ಬಳ್ಳಿಯಿಂದ ಗಿರಾಕಿ ಕೈ ಸೇರೋವರೆಗೆ ಎಲ್ಲೆಲ್ಲಿ ಹಾದು ಹೋಯ್ತು ಅಂತ ಬ್ಲಾಕ್‌ಚೈನ್‌ನಲ್ಲಿ ಬರೆದಿಡೋದು. ಕೋಡೆಲ್ಲ ಹಾಸ್ಟೆಲ್ಲಲ್ಲೇ ಮುಗಿಸ್ಕೊಂಡು ಬಂದಿದ್ರು, ಎರಡು ಫೋಟೋ ಒಂದು ವಿಡಿಯೋ ತಗೊಂಡು ಸಂಜೆ ಬಸ್ಸಿಗೆ ಹೊರಡೋ ಪ್ಲಾನು. ಚೀಲಕ್ಕೆ ಕ್ಯೂಆರ್ ಸ್ಟಿಕ್ಕರ್ ಅಂಟಿಸಿ, ಮೊಬೈಲಲ್ಲಿ "ಲಾಟ್ 1, ಕೆಳಗಿನ ತೋಟ" ಅಂತ ಟೈಪ್ ಮಾಡ್ತಿದ್ದಾಗ ಅತ್ತಿಗೆ ಒಳಗಿಂದ ಬಂದು, "ಅದು ಬರೀ ಕೆಳಗಿನ ತೋಟದ್ದಲ್ಲ ಮಾರಾಯ, ನಿನ್ನೆ ಮೋಡ ಮುಚ್ಚಿತ್ತು ಅಂತ ಅಂಗಳದಲ್ಲಿ ಇದ್ದಿದ್ದೆಲ್ಲ ಒಟ್ಟಿಗೆ ಬಾಚಿ ತುಂಬಿದ್ದು, ಅತ್ತೆ ಮನೆಯವ್ರದ್ದೂ ಅದ್ರಲ್ಲೇ ಇದೆ" ಅಂದ್ರು.

ನಾಲ್ಕೂ ಜನ ಮುಖ ಮುಖ ನೋಡ್ಕೊಂಡ್ರು.

ಬ್ಲಾಕ್‌ಚೈನ್ ಅಂದ್ರೆ ಬಿಟ್‌ಕಾಯಿನ್ ಅಂತಷ್ಟೇ ಗೊತ್ತಿರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಹಳೇ ಮಂಡಿ ಲೆಕ್ಕದ ಪುಸ್ತಕ ನೋಡಿದೀರಲ್ಲ, ಪ್ರತಿ ಪುಟದ ತಲೆಮೇಲೆ "ಹಿಂದಿನ ಪುಟದಿಂದ ತಂದಿದ್ದು" ಅಂತ ಒಂದು ಮೊತ್ತ ಇರುತ್ತೆ. ಹತ್ತನೇ ಪುಟದಲ್ಲಿ ಕಳ್ಳಲೆಕ್ಕ ಬರೆದ್ರೆ ಹನ್ನೊಂದರ ಮೊತ್ತ ತಾಳೆ ಆಗಲ್ಲ, ಹನ್ನೆರಡರದ್ದೂ ಆಗಲ್ಲ. ಬ್ಲಾಕ್‌ಚೈನ್ ಹೆಚ್ಚುಕಮ್ಮಿ ಅದೇ, ಆದ್ರೆ ಮೊತ್ತದ ಬದಲು ಹ್ಯಾಶ್ ಅಂತ ಒಂದು ಬೆರಳಚ್ಚು. ಎಸ್‌ಎಚ್‌ಎ-256 ಅನ್ನೋ ಲೆಕ್ಕಕ್ಕೆ ಒಂದು ಸಾಲು ಕೊಡಿ, ಇಡೀ ಪುಸ್ತಕ ಕೊಡಿ, 256 ಬಿಟ್‌ನ ಒಂದು ಸಂಖ್ಯೆ ಕೊಡುತ್ತೆ. 48 ಕೆಜಿ ಅನ್ನೋದನ್ನ 43 ಮಾಡಿದ್ರೆ ಆ ಸಂಖ್ಯೆ ಪೂರ್ತಿ ಬೇರೆಯೇ ಆಗ್ಬಿಡುತ್ತೆ. ಆ ಪುಸ್ತಕದ ನಕಲು ಬೆಳೆಗಾರರ ಸಂಘ, ಮಂಡಿ, ಎಕ್ಸ್‌ಪೋರ್ಟರ್ ಎಲ್ಲರ ಹತ್ರನೂ ಇರೋದ್ರಿಂದ ಒಬ್ಬ ಗುಟ್ಟಾಗಿ ತಿದ್ದೋಕೆ ಆಗಲ್ಲ. ಬಿಟ್‌ಕಾಯಿನ್ ಪೇಪರ್ ಬಂದಿದ್ದು 2008ರಲ್ಲಿ, ಆದ್ರೆ ಹೀಗೆ ದಾಖಲೆಗಳನ್ನ ಸರಪಳಿ ಮಾಡಿ ತಾರೀಖು ಕಟ್ಟಿಹಾಕೋ ಐಡಿಯಾ ಹೇಬರ್ ಮತ್ತು ಸ್ಟೋರ್ನೆಟ್ಟಾ ಅನ್ನೋರದ್ದು, 1991ರದ್ದು. 1995ರಿಂದ ಅವರು ಆ ಬೆರಳಚ್ಚನ್ನ ನ್ಯೂಯಾರ್ಕ್ ಟೈಮ್ಸ್ ಪೇಪರಿನ ಜಾಹೀರಾತು ಕಾಲಮ್ಮಲ್ಲಿ ಹಾಕಿಸ್ತಿದ್ರು, ಪ್ರಿಂಟ್ ಆಗಿ ಊರೂರಿಗೆ ಹೋದ ಪೇಪರನ್ನ ಯಾರು ತಿದ್ದೋಕಾಗುತ್ತೆ ಹೇಳಿ.

ಆಹಾರದ ವಿಷಯಕ್ಕೆ ಬಂದ್ರೆ ಎಲ್ಲರೂ ಹೇಳೋದು ವಾಲ್‌ಮಾರ್ಟಿನ ಮಾವಿನಹಣ್ಣಿನ ಕತೆ. ಹೆಚ್ಚಿಟ್ಟ ಮಾವಿನ ಒಂದು ಪ್ಯಾಕೆಟ್ ಯಾವ ತೋಟದ್ದು ಅಂತ ಹುಡುಕೋಕೆ ಅವ್ರಿಗೆ 6 ದಿನ 18 ಗಂಟೆ 26 ನಿಮಿಷ ಹಿಡೀತು, ಐಬಿಎಂ ಜೊತೆ ಬ್ಲಾಕ್‌ಚೈನ್ ಮಾಡಿದ್ಮೇಲೆ 2.2 ಸೆಕೆಂಡು. ಸರಿನೇ, ಆದ್ರೆ ಆ 2.2 ಸೆಕೆಂಡಿನಲ್ಲಿ ಸಿಕ್ಕಿದ್ದು ಯಾರೋ ಬರೆದಿಟ್ಟ ಮಾಹಿತಿ. ಬರೆದೋರು ಸರಿಯಾಗಿ ಬರೆದಿದ್ರಾ ಅನ್ನೋದು ಬ್ಲಾಕ್‌ಚೈನ್‌ಗೆ ಗೊತ್ತಾಗಲ್ಲ. ಅತ್ತಿಗೆ ಒಂದು ನಿಮಿಷ ತಡವಾಗಿ ಬಂದಿದ್ರೆ ನಮ್ಮನೆ ಸುಳ್ಳು ಶಾಶ್ವತವಾಗಿ, ಯಾರೂ ತಿದ್ದೋಕಾಗದ ಹಾಗೆ, ದಾಖಲಾಗಿರೋದು!

ನನಗನ್ಸೋದು, ಈ ವಿಷಯದಲ್ಲಿ ರಿಸರ್ಚ್ ಬೆಳೀಬೇಕಾದ ಜಾಗ ಸರ್ವರ್ ಅಲ್ಲ, ಅಂಗಳ. ಒಂದು ಉದಾಹರಣೆ ನೋಡಿ. 100 ಕೆಜಿ ಹಸಿ ಮೆಣಸು ಒಣಗಿದ್ರೆ ಸುಮಾರು 33 ಕೆಜಿ ಆಗುತ್ತೆ. ಈಗ ಯಾರೋ 100 ಕೆಜಿ ಕೊಯ್ದೆ ಅಂತ ಎಂಟ್ರಿ ಮಾಡಿ, ಎರಡು ವಾರ ಬಿಟ್ಟು 55 ಕೆಜಿ ಒಣ ಮೆಣಸು ಮಾರಿದ್ರೆ ಎಲ್ಲೋ ಬೇರೆ ಕಡೆ ಮಾಲು ಸೇರಿದೆ, ಇಲ್ಲಾ ಸರಿಯಾಗಿ ಒಣಗಿಲ್ಲ ಅಂತ ಕಂಪ್ಯೂಟರೇ ಹಿಡೀಬಹುದು. ಬರೆಯೋರು ಒಂದು ಕಡೆ ಸುಳ್ಳು ಹೇಳಿದ್ರೂ ಒಣಗೋ ಲೆಕ್ಕ ಸುಳ್ಳು ಹೇಳಲ್ಲ. ಆದ್ರೆ ಆ 33 ಅನ್ನೋದು ಎಲ್ಲಾ ಕಡೆ 33 ಅಲ್ಲ ಅಲ್ದಾ? ಪಣಿಯೂರು-1 ತಳಿ ಒಂಥರ, ನಮ್ಮ ಹಳೇ ನಾಟಿ ಬಳ್ಳಿ ಇನ್ನೊಂಥರ, ಎಳೇದು ಕೊಯ್ದ್ರೆ ತೂಕ ಇನ್ನೂ ಇಳಿಯುತ್ತೆ, ಬಿಸಿನೀರಲ್ಲಿ ಅದ್ದಿ ಒಣಗಿಸೋರು ಇದಾರೆ ಹಾಗೇ ಹರಡೋರು ಇದಾರೆ. ಎಷ್ಟರಿಂದ ಎಷ್ಟರವರೆಗೆ ಸಹಜ, ಎಲ್ಲಿಂದಾಚೆ ಅನುಮಾನ ಪಡಬೇಕು, ಈ ಗೆರೆ ಎಳೆಯೋಕೆ ತೀರ್ಥಹಳ್ಳಿ, ಹೊಸನಗರ, ಸಾಗರದ ಅಂಗಳಗಳಲ್ಲೇ ಕೂತು ತೂಕ ಮಾಡ್ಬೇಕು, ಬೆಂಗಳೂರಲ್ಲಿ ಕೂತು ಆಗೋ ಕೆಲಸ ಅಲ್ಲ ಅದು.

ಕಲಬೆರಕೆದೂ ಅಷ್ಟೇ. ಪಪ್ಪಾಯಿ ಬೀಜ ಬೆರೆಸಿದ್ರೆ ಒಂದು ಲೋಟ ನೀರಿಗೆ ಹಾಕಿ ನೋಡಿ, ಅದು ತೇಲುತ್ತೆ, ಒಳ್ಳೇ ಮೆಣಸು ಮುಳುಗುತ್ತೆ. ಬೇರೆ ಊರಿನ ಮೆಣಸು ಬೆರೆಸಿದ್ರೆ? ಮಣ್ಣು ನೀರಿನ ಗುರುತು ಐಸೋಟೋಪ್ (ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣು) ರೂಪದಲ್ಲಿ ಬೆಳೆ ಒಳಗೇ ಉಳಿದಿರುತ್ತೆ, ವೈನ್ ಎಲ್ಲಿದು ಅಂತ ಯುರೋಪಲ್ಲಿ ಹಾಗೇ ಪತ್ತೆ ಮಾಡ್ತಾರೆ. ಆದ್ರೆ ಹೋಲಿಸಿ ನೋಡೋಕೆ ನಮ್ಮ ಕಡೆ ಸ್ಯಾಂಪಲ್‌ಗಳ ಸಂಗ್ರಹ ಮೊದಲೇ ಇರ್ಬೇಕು, ಅದನ್ನ ಆಯೋಕೆ ತೋಟ ಗೊತ್ತಿರೋ ಜನ ಬೇಕು.

ನಮ್ಮಲ್ಲಿ ಇದು ಹೊಸ ಮಾತೇನಲ್ಲ, ಕಾಫಿ ಬೋರ್ಡ್ 2019ರ ಮಾರ್ಚಲ್ಲೇ ಬ್ಲಾಕ್‌ಚೈನ್ ಮೇಲೆ ಕಾಫಿ ಮಾರೋ ವ್ಯವಸ್ಥೆ ಶುರು ಮಾಡಿತ್ತು. ಈಗ ಯುರೋಪಿನ ಅರಣ್ಯನಾಶ ತಡೆಯೋ ಕಾನೂನು ಬೇರೆ ಬಂದಿದೆ, ಕಾಫಿ ಬೆಳೆದ ತೋಟದ ಜಿಪಿಎಸ್ ಗುರುತು ಕೇಳುತ್ತೆ, ಜಾರಿ ಮಾತ್ರ ಮುಂದಕ್ಕೆ ಹೋಗ್ತಾ ಇದೆ. ಕೇಳೋರು ಕೇಳ್ತಾರೆ, ಉತ್ತರ ಕೊಡೋಕೆ ಇಲ್ಲಿ ಜನ ತಯಾರಾಗ್ಬೇಕು. ಇರುವಕ್ಕಿಯಲ್ಲಿ ಕೃಷಿ ತೋಟಗಾರಿಕೆ ವಿವಿ ಇದೆ, ಶಂಕರಘಟ್ಟದಲ್ಲಿ ಕುವೆಂಪು ವಿವಿ ಇದೆ, ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕಾಲೇಜು ಇದೆ. ಕೋಡ್ ಬರೆಯೋನು, ಬಳ್ಳಿ ಗೊತ್ತಿರೋನು, ಕೆಮಿಸ್ಟ್ರಿ ಓದಿದೋನು, ಮಂಡಿ ವ್ಯವಹಾರ ತಿಳಿದೋನು ಒಂದೇ ಪ್ರಾಜೆಕ್ಟಲ್ಲಿ ಕೂತ್ರೆ ಅರ್ಧ ಕೆಲಸ ಆದಂಗೆ. ಇನ್ನೊಂದು ಮಾತು, ನಕಲುಗಳೆಲ್ಲ ಒಂದೇ ಕಂಪನಿ ಕೈಲಿದ್ರೆ ಅದಕ್ಕೆ ಬ್ಲಾಕ್‌ಚೈನ್ ಯಾಕೆ, ಎಕ್ಸೆಲ್ ಶೀಟ್ ಸಾಕು. ಯಾರ್ಯಾರ ಹತ್ರ ಪುಸ್ತಕ ಇರ್ಬೇಕು ಅನ್ನೋದೂ ರಿಸರ್ಚೇ, ಅದಕ್ಕೆ ಮಾರ್ಕ್ಸ್ ಕೊಡೋರು ಕಮ್ಮಿ ಅಷ್ಟೆ.

ಹುಡುಗ್ರು ಅವತ್ತು ಬಸ್ ಬಿಟ್ರು, ನಾಲ್ಕು ದಿನ ಉಳ್ಕೊಂಡ್ರು. ಪಣಿಯೂರು ಒಂದು ಟಾರ್ಪಾಲು, ನಾಟಿ ಇನ್ನೊಂದು, ದಿನಾ ಸಂಜೆ ತೂಕ. ಎರಡನೇ ದಿನ ಅತ್ತಿಗೆ ಅಡಿಗೆಮನೆಯಿಂದ ಹಳೇ ಕ್ಯಾಲೆಂಡರ್‌ಗಳ ಕಟ್ಟು ತಂದು ಮುಂದಿಟ್ರು, ಯಾವತ್ತು ಎಷ್ಟು ಹಸಿ ಕೊಯ್ದಿದ್ದು, ಒಣಗಿ ಎಷ್ಟಾಯ್ತು, ಎಲ್ಲಾ ತಾರೀಖಿನ ಮನೆಯೊಳಗೇ ಪೆನ್ಸಿಲ್ಲಲ್ಲಿ ಸಣ್ಣಕ್ಕೆ ಬರೆದಿದ್ರು. "ಮೊದ್ಲೇ ಹೇಳೋದಲ್ವನಮ್ಮ" ಅಂದ ಮಗ. "ನೀನು ಕೇಳಿದ್ಯಾ?" ಅಂದ್ರು ಅತ್ತಿಗೆ.