ಸೂರ್ಯನ ದೂರಕ್ಕಾಗಿ ಬರೆದ ಕಾಗದಗಳು

ಕಾರವಾರದ ಬೈತಖೋಲ ಬಂದರಿನ ಹತ್ತಿರ ಚಹಾ ಕುಡಿಯುತ್ತಿದ್ದಾಗ ಬೋಟಿಗೆ ಹೋಗುವ ಹುಡುಗನೊಬ್ಬ ಕೇಳಿದ: "ಸೂರ್ಯ 15 ಕೋಟಿ ಕಿಲೋಮೀಟರ್ ದೂರ ಅಂತೀರಲ್ಲ ಸರ್, ಅಲ್ಲಿಗೆ ಹೋಗಿ ಟೇಪು ಹಿಡಿದವರು ಯಾರು?" ಒಳ್ಳೇ ಪ್ರಶ್ನೆ. ಆದರೆ ಪಕ್ಕದಲ್ಲಿದ್ದ ಹಿರಿಯರು "ಅದೆಲ್ಲ ಸುಮ್ನೆ ಅಂದಾಜು ಮಾರಾಯಾ" ಅಂದುಬಿಟ್ಟರು. ಅದನ್ನು ಕೇಳಿ ನನಗೆ ಸುಮ್ಮನಿರಲಾಗಲಿಲ್ಲ. ಆ ಲೆಕ್ಕಕ್ಕಾಗಿ ಜನ ಫಿರಂಗಿ ಗುಂಡಿಗೆ ಎದೆ ಕೊಟ್ಟಿದ್ದಾರೆ.

1761ರ ಜನವರಿ. ಚಾರ್ಲ್ಸ್ ಮೇಸನ್ ಮತ್ತು ಜೆರೆಮಾಯಾ ಡಿಕ್ಸನ್ ಎಂಬ ಇಬ್ಬರು ಆಕಾಶ ವೀಕ್ಷಕರು ಇಂಗ್ಲೆಂಡಿನಿಂದ ಸುಮಾತ್ರಾದ ಬೆಂಕೂಲನ್‌ಗೆ ಹಡಗು ಹತ್ತಿದರು. ಜೂನ್ 6ರಂದು ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ಅಲ್ಲಿಂದ ನೋಡಬೇಕಿತ್ತು. ಕರೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲೇ ಫ್ರೆಂಚ್ ಯುದ್ಧನೌಕೆ ಮೇಲೆ ಬಿತ್ತು. 11 ಜನ ಸತ್ತರು, 37 ಜನ ಗಾಯಗೊಂಡರು. ಪ್ಲಿಮತ್ ಬಂದರಿಗೆ ವಾಪಸು ಬಂದ ಇಬ್ಬರೂ ತಮ್ಮನ್ನು ಕಳಿಸಿದ್ದ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ಕಾಗದ ಬರೆದರು: ನಾವು ಬೆಂಕೂಲನ್‌ಗೆ ಹೋಗುವುದಿಲ್ಲ. ಬಂದ ಉತ್ತರ ಖಡಕ್ಕಾಗಿತ್ತು. ಒಪ್ಪಿದ ಕೆಲಸ ಬಿಟ್ಟರೆ ಅಳಿಸಲಾಗದ ಕೆಟ್ಟ ಹೆಸರು ಬರುತ್ತದೆ, ಹಾಳಾಗಿ ಹೋಗುತ್ತೀರಿ, ಕೋರ್ಟಿಗೂ ಎಳೆಯುತ್ತೇವೆ ಎಂಬ ಅರ್ಥದ್ದು. ಹೆಣಗಳನ್ನು ಕಣ್ಣಾರೆ ಕಂಡು ಬಂದವರಿಗೆ ಹೀಗೆ ಬರೆದರಲ್ಲ ಎಂದು ನನಗೆ ಇವತ್ತಿಗೂ ಬೇಸರ.

ಇಷ್ಟೊಂದು ಹಟ ಯಾಕೆ? ಸೂರ್ಯನಿಂದ ಗ್ರಹಗಳ ದೂರದ ಪ್ರಮಾಣ ಖಗೋಳಜ್ಞ ಕೆಪ್ಲರ್ ಕಾಲದಿಂದ ಗೊತ್ತಿತ್ತು. ಭೂಮಿಗೆ 100 ಇದ್ದರೆ ಶುಕ್ರನಿಗೆ 72. ಆದರೆ 100 ಎಂದರೆ ಎಷ್ಟು ಮೈಲಿ? ಜಮೀನಿನ ನಕ್ಷೆ ಕೈಯಲ್ಲಿದೆ, ಒಂದು ಇಂಚಿಗೆ ಎಷ್ಟು ಗಜ ಅಂತ ಮಾತ್ರ ಬರೆದಿಲ್ಲ, ಹಾಗೆ.

ಹೆಬ್ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಜಿಗಿಯುತ್ತದೆ. ಕಾರವಾರದವರಾದರೆ ಟಾಗೋರ್ ಕಡಲತೀರಕ್ಕೆ ಹೋಗಿ. ಬಂದರಿನ ಕಡೆಯ ತುದಿಯಿಂದ ನೋಡಿದಾಗ ಲಂಗರು ಹಾಕಿದ ದೋಣಿ ಕೂರ್ಮಗಡದ ಬಲಕ್ಕೆ ಕಂಡಿತು ಎನ್ನಿ. ಕಾಳಿ ನದಿಯ ಕಡೆ ನಡೆಯುತ್ತಾ ಹೋದರೆ ಅದೇ ದೋಣಿ ದ್ವೀಪದ ಎಡಕ್ಕೆ ಸರಿಯುತ್ತದೆ. ನೀವು ಎಷ್ಟು ನಡೆದಿರಿ, ಅದು ಎಷ್ಟು ಸರಿಯಿತು, ದೋಣಿ-ದ್ವೀಪಗಳ ದೂರದ ಪ್ರಮಾಣ ಏನು, ಇಷ್ಟು ಗೊತ್ತಿದ್ದರೆ ಸಾಕು, ದೂರ ಸಿಕ್ಕಿತು. ಶುಕ್ರ ಆ ದೋಣಿ, ಸೂರ್ಯ ಹಿಂದಿನ ದ್ವೀಪ. ನಡೆಯಬೇಕಾದ ತೀರ ಮಾತ್ರ ಇಡೀ ಭೂಮಿ. ಉತ್ತರದವನಿಗೂ ದಕ್ಷಿಣದವನಿಗೂ ಶುಕ್ರ ಸೂರ್ಯನ ಮೇಲೆ ಬೇರೆ ಬೇರೆ ಗೆರೆಯಲ್ಲಿ ಸಾಗುತ್ತದೆ. ಸೂರ್ಯನನ್ನು ದೋಸೆ ಅಂದುಕೊಳ್ಳಿ. ನಡುವೆ ಕೊಯ್ದರೆ ಗೆರೆ ಉದ್ದ, ಅಂಚಿನ ಹತ್ತಿರ ಕೊಯ್ದರೆ ಗಿಡ್ಡ. ಉದ್ದ ಗೆರೆ ದಾಟಲು ಜಾಸ್ತಿ ಹೊತ್ತು ಬೇಕು, ಅಲ್ವಾ? ಹಾಗಾಗಿ ಕೋನ ಅಳೆಯುವ ತಾಪತ್ರಯವೇ ಬೇಡ, ಗಡಿಯಾರ ಸಾಕು ಎಂದು 1716ರಲ್ಲೇ ಇಂಗ್ಲೆಂಡಿನ ಖಗೋಳಜ್ಞ ಎಡ್ಮಂಡ್ ಹ್ಯಾಲಿ ತೋರಿಸಿಕೊಟ್ಟಿದ್ದ. ಎಂಥಾ ಚಂದದ ಉಪಾಯ!

ಆದರೆ ಒಬ್ಬನ ಗಡಿಯಾರದಿಂದ ಏನೂ ಆಗದು. ಒಂದು ಕಾಗದಕ್ಕೆ ಇನ್ನೊಂದು ಊರಿನ ಕಾಗದ ಜೋಡಿಯಾಗಬೇಕು. ಅದಕ್ಕೇ ಆ ಬೆದರಿಕೆ. ಮೇಸನ್, ಡಿಕ್ಸನ್ ಕೊನೆಗೆ ಹೊರಟರು. ಬೆಂಕೂಲನ್ ಆಗಲೇ ಫ್ರೆಂಚರ ಪಾಲಾಗಿತ್ತು, ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲೇ ಇಳಿದರು. ಅಲ್ಲಿಂದ ಒಳ್ಳೆಯ ಅಳತೆ ಸಿಕ್ಕಿತು.

ಇದೇ ಕೆಲಸಕ್ಕೆ ಫ್ರಾನ್ಸಿನ ಖಗೋಳಜ್ಞ ಲೆ ಜೆಂಟಿಲ್ ಪುದುಚೇರಿಗೆ ಹೊರಟಿದ್ದ. ಆ ಊರು ಇಂಗ್ಲಿಷರ ವಶವಾದ ಸುದ್ದಿ ಅವನ ಹಡಗಿಗೆ ತಲುಪಿದ್ದು ನಮ್ಮ ಇದೇ ಪಡುವಣ ಕರಾವಳಿಯ ಮಾಹೆ ಎಂಬ ಊರಿನಲ್ಲಿ. ಹಡಗು ತಿರುಗಿತು. ಶುಕ್ರ ದಾಟುವಾಗ ಅವನು ನಡುಗಡಲಲ್ಲಿದ್ದ. ಓಲಾಡುವ ಹಡಗಿನಲ್ಲಿ ಲೋಲಕದ ಗಡಿಯಾರ ನಡೆಯುವುದಿಲ್ಲ. ಮುಂದಿನ ಸಲಕ್ಕಾಗಿ ಎಂಟು ವರ್ಷ ಈ ಕಡೆಯೇ ಉಳಿದ. 1769ರಲ್ಲಿ ಪುದುಚೇರಿಯಲ್ಲಿ ಸರಿಯಾಗಿ ಆ ಹೊತ್ತಿಗೇ ಮೋಡ ಕವಿಯಿತು. 1771ರಲ್ಲಿ ಮನೆ ಸೇರಿದರೆ, ಸತ್ತನೆಂದು ತಿಳಿದು ವಾರಸುದಾರರು ಆಸ್ತಿ ಪಾಲಿಗೆ ಕೂತಿದ್ದರು. ಅವನ ಕಾಗದಗಳು ಊರು ಮುಟ್ಟಿರಲಿಲ್ಲ.

1769ರ ಅಳತೆಗಳನ್ನೆಲ್ಲ ಕೂಡಿಸಿ ಇಂಗ್ಲೆಂಡಿನ ಖಗೋಳಜ್ಞ ಥಾಮಸ್ ಹಾರ್ನ್ಸ್‌ಬಿ 1771ರಲ್ಲಿ ಲೆಕ್ಕ ಹಾಕಿದ: ಸುಮಾರು 15 ಕೋಟಿ 8 ಲಕ್ಷ ಕಿಲೋಮೀಟರ್. ಇಂದಿನ ಲೆಕ್ಕ 14 ಕೋಟಿ 96 ಲಕ್ಷ. ನೂರಕ್ಕೆ ಒಂದರಷ್ಟೂ ತಪ್ಪಿಲ್ಲ.

ಹುಡುಗನ ಮುಂದಿನ ಪ್ರಶ್ನೆ, "ಶುಕ್ರ ಹೀಗೆ ದಾಟೋದು ಇನ್ನು ಯಾವಾಗ?" 2117ರ ಡಿಸೆಂಬರ್ 11, ಬೆಳಗ್ಗೆ. ಮಳೆಗಾಲವಲ್ಲ, ಅಷ್ಟು ಪುಣ್ಯ. ಆದರೆ ಕಾರವಾರದಲ್ಲಿ ಸೂರ್ಯ ಹುಟ್ಟುವ ಮೊದಲೇ ಶುಕ್ರ ಒಳಗೆ ಹೊಕ್ಕಿರುತ್ತದೆ. ಹೊಕ್ಕ ಹೊತ್ತು ಎಷ್ಟು ಎಂದು ಆಸ್ಟ್ರೇಲಿಯಾದವರನ್ನು ಕೇಳಬೇಕಾಗುತ್ತದೆ.