ಆಯಿಲ್ ಲೈಟ್ ನಂಬಿ ಕೂರಬೇಡಿ, ಡಿಪ್‌ಸ್ಟಿಕ್ ಎಳೆದು ನೋಡಿ

"ಆಯಿಲ್ ಲೈಟ್ ಬಂದಿಲ್ಲವಲ್ಲ ಸಾರ್, ಅಂದ್ರೆ ಆಯಿಲ್ ಸರಿಯಾಗಿದೆ ಅಂತ ತಾನೆ?"

ಹಳೇ ಮಾರುತಿ 800 ಇಟ್ಟುಕೊಂಡವರು ಗ್ಯಾರೇಜಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇಲ್ಲ, ಹಾಗಲ್ಲ. ಮೀಟರ್ ಬೋರ್ಡಿನ ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ. ಆಯಿಲ್‌ಗೆ ಒತ್ತಡ ಇದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ. ಚೇಂಬರಿನಲ್ಲಿ, ಅಂದ್ರೆ ಇಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯಲ್ಲಿ, ಆಯಿಲ್ ಅರ್ಧಕ್ಕೆ ಇಳಿದಿದ್ದರೂ ಆಯಿಲ್ ಪಂಪಿನ ಬಾಯಿ ಮುಳುಗಿದ್ದರೆ ಸಾಕು, ದೀಪ ಆರಿಯೇ ಇರುತ್ತದೆ. ಅದು ಹೊತ್ತಿಕೊಳ್ಳುವ ಹೊತ್ತಿಗೆ ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತಿರುತ್ತದೆ. ಬೇರಿಂಗುಗಳು ಒಣಗಿ ತಿರುಗುತ್ತಿರುತ್ತವೆ. ಓಡುತ್ತಿರುವಾಗ ಆ ದೀಪ ಬಂದರೆ "ಮುಂದಿನ ಬಂಕಿನ ತನಕ ಹೋಗೋಣ" ಅನ್ನಬೇಡಿ. ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ.

ಇನ್ನೊಂದು ವಿಷಯ. ಕೀ ತಿರುಗಿಸಿದ ಕೂಡಲೇ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತುವುದೇ ಇಲ್ಲ ಅಂದರೆ ಬಲ್ಬು ಹೋಗಿದೆ, ಇಲ್ಲವೇ ಪ್ರೆಷರ್ ಸ್ವಿಚ್ಚಿನ ವೈರು ಬಿಟ್ಟಿದೆ. ಎಷ್ಟೋ ಹಳೇ ಗಾಡಿಗಳಲ್ಲಿ ಇದೇ ಕತೆ. ಆಗ ನಿಮ್ಮ ಕೊನೆಯ ಎಚ್ಚರಿಕೆಯೂ ಇಲ್ಲ.

1983ರ ಡಿಸೆಂಬರಿನಿಂದ 2014ರ ಜನವರಿವರೆಗೆ ತಯಾರಾದ ಕಾರು ಇದು. ಕೊನೆಯ ಬ್ಯಾಚಿನ ಗಾಡಿಗೂ ಈಗ ಹತ್ತು ವರ್ಷ ದಾಟಿದೆ. ಅಪ್ಪ ಕೊಂಡ ಕಾರು, ಡ್ರೈವಿಂಗ್ ಕಲಿತ ಕಾರು ಅಂತ ಪ್ರೀತಿಯಿಂದ ಉಳಿಸಿಕೊಂಡವರು ನಮ್ಮಲ್ಲಿ ತುಂಬ ಜನ. 796 ಸಿಸಿಯ ಆ ಮೂರು ಸಿಲಿಂಡರ್ ಇಂಜಿನ್ ಗಟ್ಟಿ ಇಂಜಿನ್, ಅದರಲ್ಲಿ ಅನುಮಾನ ಬೇಡ. ಆದರೆ ಅದರೊಳಗೆ ಹಿಡಿಯುವ ಆಯಿಲ್ ಮೂರು ಲೀಟರಿಗಿಂತ ಸ್ವಲ್ಪ ಕಡಿಮೆ. ಅಷ್ಟೇ ಆಯಿಲ್ ಬೇರಿಂಗು, ಪಿಸ್ಟನ್ನು, ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ಎಲ್ಲವನ್ನೂ ನಯವಾಗಿಡಬೇಕು, ಬಿಸಿಯನ್ನೂ ಹೊತ್ತು ತರಬೇಕು. ದೊಡ್ಡ ಇಂಜಿನ್ನಿನಲ್ಲಿ ಅರ್ಧ ಲೀಟರ್ ಕಡಿಮೆಯಾದರೆ ನಡೆದುಹೋಗುತ್ತದೆ. ಇಲ್ಲಿ ಅದು ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು.

ಹಾಗಾಗಿ ನೋಡಬೇಕು. ದಿನಾ ಓಡಿಸುವವರು ಹದಿನೈದು ದಿನಕ್ಕೊಮ್ಮೆ, ದೂರದ ಪ್ರಯಾಣಕ್ಕೆ ಮುಂಚೆ ತಪ್ಪದೇ.

ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಅಂಗಳವೇ ಇಳಿಜಾರು. ಅಲ್ಲಿ ನಿಲ್ಲಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ಓಡಿಸಿ ಬಂದಿದ್ದರೆ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿನ ಆಯಿಲ್ ಚೇಂಬರಿಗೆ ಇಳಿಯಲಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿದರೂ ಸರಿ. ನನಗೆ ಅದೇ ಇಷ್ಟ, ಯಾಕಂದ್ರೆ ಪ್ರತಿ ಸಲ ಒಂದೇ ಸ್ಥಿತಿಯಲ್ಲಿ ನೋಡಿದ ಹಾಗಾಗುತ್ತದೆ. ಡಿಪ್‌ಸ್ಟಿಕ್, ಅಂದ್ರೆ ಇಂಜಿನ್ನಿನ ಆಯಿಲ್ ಅಳೆಯುವ ಕಡ್ಡಿ, ಎಳೆಯಿರಿ, ದಾರ ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಕೂರುವ ತನಕ ಒಳಗೆ ಹಾಕಿ, ಮತ್ತೆ ಎಳೆಯಿರಿ. ಮೊದಲ ಸಲ ಎಳೆದಾಗ ಕಾಣುವುದು ಲೆಕ್ಕಕ್ಕಿಲ್ಲ. ಎರಡೂ ಬದಿ ನೋಡಿ. ಒಂದು ಬದಿಯಲ್ಲಿ ಮೇಲೆ, ಇನ್ನೊಂದು ಬದಿಯಲ್ಲಿ ಕೆಳಗೆ ಕಂಡರೆ ಕೆಳಗಿನದ್ದೇ ಸರಿಯಾದ ಮಟ್ಟ. ಪೈಪಿನ ಗೋಡೆಗೆ ತಾಗಿದ ಬದಿಗೆ ಜಾಸ್ತಿ ಮೆತ್ತಿಕೊಂಡಿರುತ್ತದೆ. ಹೊಸ ಆಯಿಲ್ ಹಾಕಿದ್ದರೆ ನೀರಿನಷ್ಟು ತಿಳಿ ಇರುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚು ಕಾಣುತ್ತದೆ.

ಮಟ್ಟ ಎರಡು ಗುರುತುಗಳ ಮಧ್ಯೆ ಇರಬೇಕು, ಮೇಲಿನ ಅರ್ಧದಲ್ಲಿದ್ದರೆ ಒಳ್ಳೆಯದು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇವತ್ತಿನ ಮಟ್ಟಕ್ಕಿಂತ ಮುಖ್ಯವಾದದ್ದು ಹೋದ ಸಲದಿಂದ ಅದು ಎತ್ತ ಸರಿದಿದೆ ಅನ್ನುವುದು. ಅದಕ್ಕೇ ನನ್ನ ಗಿರಾಕಿಗಳಿಗೆ ಒಂದು ಚೀಟಿ ಗ್ಲವ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ ಅನ್ನುತ್ತೇನೆ. ತಾರೀಕು, ಕಿಲೋಮೀಟರ್, ಮಟ್ಟ, ಎಷ್ಟು ಮಿಲಿಲೀಟರ್ ಹಾಕಿದ್ದು. ಆ ಚೀಟಿ ತಂದು ಕೊಟ್ಟರೆ ಅರ್ಧ ರೋಗ ಬಾನೆಟ್ ಎತ್ತುವ ಮುಂಚೆಯೇ ಗೊತ್ತಾಗುತ್ತದೆ.

ಮಟ್ಟ ಇಳಿಯುತ್ತಿದ್ದರೆ ಆಯಿಲ್ ಒಂದೋ ಹೊರಗೆ ಹೋಗುತ್ತಿದೆ, ಇಲ್ಲಾ ಒಳಗೆ ಉರಿಯುತ್ತಿದೆ. ಹೊರಗಿನದ್ದು ಸುಲಭ. ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಡಿಸ್ಟ್ರಿಬ್ಯೂಟರ್ ಕೂರುವ ಜಾಗ, ಪ್ರೆಷರ್ ಸ್ವಿಚ್, ಚೇಂಬರ್ ಪ್ಯಾಕಿಂಗ್, ಡ್ರೈನ್ ಬೋಲ್ಟಿನ ವಾಷರ್, ಕ್ರ್ಯಾಂಕ್ ಸೀಲು, ಇವಿಷ್ಟು ನೋಡಿದರೆ ಹೆಚ್ಚಿನ ಸೋರಿಕೆ ಸಿಗುತ್ತದೆ. ಪ್ಯಾಕಿಂಗ್ ಬದಲಿಸುವ ಮುಂಚೆ ಬ್ರೀದರ್ ಪೈಪು ಕಟ್ಟಿಕೊಂಡಿದೆಯಾ ಅಂತ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಅದು ಕಟ್ಟಿಕೊಂಡರೆ ಇಂಜಿನ್ನಿನೊಳಗೆ ಗಾಳಿಯ ಒತ್ತಡ ಏರುತ್ತದೆ, ಹೊಸ ಸೀಲಿನಿಂದಲೂ ಆಯಿಲ್ ಜಿನುಗುತ್ತದೆ. ಇದನ್ನು ಬಿಟ್ಟು ಸೀಲಿನ ಮೇಲೆ ಸೀಲು ಹಾಕಿಸಿ ದುಡ್ಡು ಕಳೆದುಕೊಂಡವರು ಬೇಕಾದಷ್ಟು ಮಂದಿ.

ಉರಿಯುವ ಆಯಿಲ್ ನೀಲಿ ಹೊಗೆಯಾಗಿ ಕಾಣುತ್ತದೆ. ಆ ಹೊಗೆ ಯಾವಾಗ ಬರುತ್ತದೆ ಅನ್ನುವುದನ್ನು ಗಮನಿಸಿ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದು ಉಂಡೆ ಬಂದು ನಿಂತರೆ ವಾಲ್ವ್ ಸೀಲು, ಅಂದ್ರೆ ವಾಲ್ವಿನ ಸುತ್ತ ಆಯಿಲ್ ತಡೆಯುವ ಬಳೆ, ಹಾಳಾಗಿದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಾ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಬಂದಿರುತ್ತೀರಿ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಕನ್ನಡಿಯಲ್ಲಿ ಹೊಗೆ ಕಂಡರೆ ಅದೂ ವಾಲ್ವ್ ಸೀಲೇ. ಇಳಿಯುವಾಗ ಇಂಜಿನ್ನಿನೊಳಗೆ ಹೀರುವ ಸೆಳೆತ ಜೋರಾಗುತ್ತದೆ, ಗಟ್ಟಿಯಾದ ಸೀಲಿನ ಸಂದಿಯಿಂದ ಆಯಿಲ್ ಒಳಗೆ ಇಳಿಯುತ್ತದೆ. ಇವು ರಬ್ಬರಿನವು. ಗಾಡಿ ಓಡದೇ ನಿಂತಿದ್ದರೂ ವಯಸ್ಸಿಗೆ ಗಟ್ಟಿಯಾಗುತ್ತವೆ. ಅದೇ ಘಾಟಿ ಹತ್ತುವಾಗ, ಲೋಡ್ ಬಿದ್ದಾಗ ಬಿಡದೇ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಸೀಲು ಸಣ್ಣ ಕೆಲಸ, ರಿಂಗು ಇಂಜಿನ್ ಕೆಲಸ. ಎರಡರ ಖರ್ಚಿನಲ್ಲಿ ಅಜಗಜಾಂತರ. ಹಾಗಾಗಿ ಹೊಗೆ ನೋಡದೇ "ಇಂಜಿನ್ ಬಿಚ್ಚಬೇಕು" ಅಂದವರ ಮಾತಿಗೆ ತಕ್ಷಣ ಹೂಂ ಅನ್ನಬೇಡಿ.

ಸಾವಿರ ಕಿಲೋಮೀಟರಿಗೆ 200-300 ಮಿಲಿಲೀಟರ್ ಕುಡಿದರೆ ಈ ವಯಸ್ಸಿನ ಇಂಜಿನ್‌ಗೆ ನಾನು ಕೈ ಹಾಕುವುದಿಲ್ಲ. ಹಾಕುತ್ತಾ ಓಡಿಸಿ. ಒಂದು ಲೀಟರಿನ ಹತ್ತಿರ ಹೋದರೆ ಮುಂದೂಡಬೇಡಿ.

ಈಗ ಮಟ್ಟ ಏರುವ ವಿಷಯ. ನನ್ನ ಮಟ್ಟಿಗೆ ಇದೇ ಜಾಸ್ತಿ ಭಯದ್ದು, ಯಾಕಂದ್ರೆ ಜನ ಇದನ್ನು ನೋಡಿ ಖುಷಿಪಡುತ್ತಾರೆ. "ನಮ್ಮ ಗಾಡಿ ಒಂದು ಹನಿ ಆಯಿಲ್ ಕುಡಿಯಲ್ಲ ಸಾರ್." ಹಾಕದೇ ಇದ್ದ ಆಯಿಲ್ ಏರುವುದು ಹೇಗೆ? ಕಾರ್ಬುರೇಟರ್ ಇರುವ 800ರಲ್ಲಿ ಪೆಟ್ರೋಲ್ ಪಂಪು ಇಂಜಿನ್ನಿನ ಮೇಲೇ ಕೂತಿರುತ್ತದೆ, ಕ್ಯಾಮ್ ಅದನ್ನು ಒತ್ತುತ್ತದೆ. ಅದರೊಳಗಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ಸದ್ದಿಲ್ಲದೇ ಆಯಿಲ್‌ಗೆ ಸೇರುತ್ತದೆ. ಚೋಕ್ ಎಳೆದು ಮರೆತು ಓಡಿಸಿದರೂ ಸ್ವಲ್ಪ ಮಟ್ಟಿಗೆ ಹೀಗೇ. ಡಿಪ್‌ಸ್ಟಿಕ್ ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಎರಡು ಬೆರಳಿನ ಮಧ್ಯೆ ತಿಕ್ಕಿದರೆ ಜಿಡ್ಡೇ ಇರುವುದಿಲ್ಲ. ಅಂಥ ಆಯಿಲ್‌ನಲ್ಲಿ ಇಂಜಿನ್ ಓಡಿಸಿದರೆ ಬೇರಿಂಗು ಉಳಿಯುವುದಿಲ್ಲ. ಪಂಪು ಸರಿಮಾಡಿಸಿ, ಆಯಿಲ್ಲು, ಫಿಲ್ಟರು ಎರಡನ್ನೂ ಬದಲಿಸಿ, ಆಮೇಲೇ ಸ್ಟಾರ್ಟ್ ಮಾಡಿ. ನಂತರ ಬಂದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಇರುವ) ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಇರುವುದರಿಂದ ಈ ಕಾಟ ಇಲ್ಲ.

ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ನಿನ ಮೇಲ್ಭಾಗ, ಕೆಳಭಾಗದ ಮಧ್ಯದ ಪ್ಯಾಕಿಂಗ್, ಹೋಗಿದೆ. ಆದರೆ ಮಡಿಕೇರಿ, ತೀರ್ಥಹಳ್ಳಿ ಕಡೆಯವರು ಮಳೆಗಾಲದಲ್ಲಿ ಆಯಿಲ್ ಮುಚ್ಚಳ ತೆಗೆದು ಅದರ ಅಡಿಯಲ್ಲಿ ಬಿಳಿ ಜಿಡ್ಡು ನೋಡಿ ಗಾಬರಿಯಾಗಿ ಬರುತ್ತಾರೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸ್ವಚ್ಛವಾಗಿದ್ದು, ನೀರಿನ ಮಟ್ಟವೂ ಇಳಿಯದೇ ಇದ್ದರೆ ಅದು ಬರೀ ತೇವ. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಹೋಗಿ ಬರುವುದರಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ತೇವ ಆರುವುದಿಲ್ಲ. ವಾರಕ್ಕೊಮ್ಮೆ ಇಪ್ಪತ್ತು ಕಿಲೋಮೀಟರ್ ಓಡಿಸಿ, ಹೋಗುತ್ತದೆ. ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುವುದು ಇದಕ್ಕೆ ಮದ್ದಲ್ಲ, ಅದರಿಂದ ತೇವ ಇನ್ನೂ ಜಾಸ್ತಿಯಾಗುತ್ತದೆ.

ಆಯಿಲ್ ಕಪ್ಪಾಯಿತು ಅಂತ ಮಾತ್ರ ಹೆದರಬೇಡಿ. ಇಂಜಿನ್ನಿನ ಮಸಿ ಹೊತ್ತುಕೊಳ್ಳುವುದು ಅದರ ಕೆಲಸ.

ಹಾಕುವಾಗ 200 ಮಿಲಿಲೀಟರ್ ಹಾಕಿ, ಐದು ನಿಮಿಷ ಕಾದು, ಮತ್ತೆ ನೋಡಿ. ಸರ್ವಿಸ್ ಮಾಡುವಾಗ ಮೂರು ಅಥವಾ ಮೂರೂವರೆ ಲೀಟರ್ ಕ್ಯಾನ್ ತಂದು "ಇರಲಿ ಬಿಡಿ, ಸ್ವಲ್ಪ ಜಾಸ್ತಿ ಇದ್ರೆ ಒಳ್ಳೆಯದೇ" ಅಂತ ಪೂರ್ತಿ ಸುರಿಯುವ ಅಭ್ಯಾಸ ಬಹಳ ಕಡೆ ಇದೆ. ಒಳ್ಳೆಯದಲ್ಲ. ಮೇಲಿನ ಗುರುತು ದಾಟಿದರೆ ತಿರುಗುವ ಕ್ರ್ಯಾಂಕು ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತದೆ. ಪಂಪಿಗೆ ಹೋಗುವುದು ಅರ್ಧ ಗಾಳಿ. ಕ್ಯಾನಿನಲ್ಲಿ ಉಳಿದದ್ದನ್ನು ಕೇಳಿ ಪಡೆದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಟಾಪ್ ಅಪ್‌ಗೆ ಅದೇ ಆಯಿಲ್ ಇದ್ದಂತಾಯಿತು. ಫಿಲ್ಟರ್ ಬದಲಿಸಿದ್ದರೆ ಒಂದು ನಿಮಿಷ ಇಂಜಿನ್ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ಮಟ್ಟ ನೋಡಬೇಕು. ಹೊಸ ಫಿಲ್ಟರ್ ಸ್ವಲ್ಪ ಆಯಿಲ್ ತುಂಬಿಕೊಳ್ಳುತ್ತದೆ.

ಗ್ರೇಡ್, ಅಂದ್ರೆ ಆಯಿಲ್ ಎಷ್ಟು ದಪ್ಪ ಅನ್ನುವ ವಿಷಯದಲ್ಲಿ, ಕಾರ್ಬುರೇಟರ್ ಗಾಡಿಗೆ ನಾನು ಹಾಕುವುದು 20ಡಬ್ಲ್ಯು-40. ರಾಯಚೂರು, ಕಲಬುರಗಿಯ ಬಿಸಿಲಿಗೆ, ಸವೆದ ಇಂಜಿನ್‌ಗೆ 20ಡಬ್ಲ್ಯು-50 ಆಗಬಹುದು. ದುಬಾರಿ ಆಯಿಲ್ ಹಾಕಿದರೆ ಒಳ್ಳೆಯದಲ್ವಾ ಅಂತ ಈಗಿನ ಹೊಸ ಕಾರುಗಳ 0ಡಬ್ಲ್ಯು-20 ತರುವವರಿದ್ದಾರೆ. ಆ ತೆಳು ಆಯಿಲ್ ಇಷ್ಟು ಹಳೇ ಇಂಜಿನ್ನಿನ ಸಂದಿಗಳಿಗೆ ಹೇಳಿದ್ದಲ್ಲ. ಬ್ರ್ಯಾಂಡ್ ಬೇರೆಯಾದರೂ ಗ್ರೇಡ್ ಒಂದೇ ಇದ್ದರೆ ದಾರಿಯಲ್ಲಿ ಟಾಪ್ ಅಪ್ ಮಾಡಲು ಅಡ್ಡಿಯಿಲ್ಲ. ಐದು ಸಾವಿರ ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ.

ಮನೆಯಲ್ಲೇ ಬದಲಿಸುವವರಿದ್ದರೆ ಹಳೇ ಆಯಿಲನ್ನು ಚರಂಡಿಗೆ, ತೋಟದ ಮೂಲೆಗೆ ಸುರಿಯಬೇಡಿ. ಬಾವಿ ಹತ್ತಿರ ಇದ್ದರಂತೂ ಬೇಡವೇ ಬೇಡ. ಖಾಲಿಯಾದ ಅದೇ ಕ್ಯಾನಿಗೆ ತುಂಬಿ ಹತ್ತಿರದ ಗ್ಯಾರೇಜಿಗೆ ಕೊಡಿ. ಅಲ್ಲಿ ಡ್ರಮ್ಮಿಗೆ ಸೇರಿಸಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಡುತ್ತಾರೆ.